ಸ್ತಾಮೆನಾ ಕಾಯ್ದ ಏರಿ

ಸಹಕಾರಿ ಸಂಘವಿದ್ದ ಕಾಲದಲ್ಲಿ ನಮ್ಮ ಬ್ರೆಸ್ತಾಕ್ ಊರಿನ ಕೆರೆಗೆ ಸ್ತಾಮೆನಾಳೇ ನೀರುಗಂಟಿ. ಸಂಘ ಮುಚ್ಚಿದ ಮೇಲೆ ಕೆರೆಯನ್ನು ನಮ್ಮೂರಿನ ಕ್ರುಮ್ ಎಂಬವನು ಕೊಂಡು ಮೀನು ಸಾಕಿದ. ಅವಳ ಕೆಲಸ ಹೋಯಿತು, ಅಭ್ಯಾಸ ಹೋಗಲಿಲ್ಲ. ದಿನಾ ಬೆಳಿಗ್ಗೆ ಏರಿಯ ಬುಡದಲ್ಲಿ ಜಿನುಗುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡುತ್ತಿದ್ದಳು.

"ತಿಳಿಯಾಗಿದ್ರೆ ಏರಿ ಬೆವರ್ತಿದೆ ಅಂತ. ಕದಡಿದ್ರೆ ಒಳಗಿನ ಮಣ್ಣು ಹೊರಟಿದೆ ಅಂತ," ಎನ್ನುತ್ತಿದ್ದಳು.

ಆ ಫೆಬ್ರವರಿಯಲ್ಲಿ ಹಿಮ ಒಮ್ಮೆಗೇ ಕರಗಿತು. ಲೋಟದ ನೀರು ಕೆಂಪಗಿತ್ತು. ಅದನ್ನು ಹಾಗೇ ಕಾಫಿ ಅಂಗಡಿಗೆ ತಂದು ಕ್ರುಮನ ಮುಂದಿಟ್ಟಳು.

"ಏನಕ್ಕ, ನಂಗೆ ಕಷಾಯ ತಂದ್ಯಾ?" ಎಂದ ಅವನು. ಕೂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

"ತೂಬು ಎತ್ತಿಸೋ."

"ಅದು ತುಕ್ಕು ಹಿಡಿದು ಹತ್ತು ವರ್ಷ ಆಯ್ತು."

"ಕೋಡಿಗೆ ಕಟ್ಟಿರೋ ಬಲೆನಾದ್ರೂ ಬಿಚ್ಚು. ಕಸ ಸಿಕ್ಕೊಂಡು ನೀರು ಹೋಗ್ತಿಲ್ಲ."

"ಬಿಚ್ಚಿದ್ರೆ ನನ್ನ ಮೀನು ನಿನ್ನ ಬಾಣಲೆಗೆ ಬೀಳ್ತವೆ, ಅಲ್ವಾ?"

ಅವಳು ಅಲ್ಲಿಂದ ಹೊರಟಳು. ಮನೆಯಿಂದ ಇಕ್ಕಳ ತಂದು ಬಲೆಯ ತಂತಿ ಕತ್ತರಿಸಿದಳು. ಕೋಡಿ ಭೋರ್ಗರೆಯಿತು. ಆದರೆ ಏರಿಯ ಬುಡದಲ್ಲಿ ಆಗಲೇ ತೊಡೆಗಾತ್ರದ ಕೆಸರಿನ ಬುಗ್ಗೆ ಎದ್ದಿತ್ತು.

ಕೆಳಗೇರಿಗೆ ಓಡಿ ಬಂದು ಒಂದೊಂದು ಬಾಗಿಲನ್ನೂ ಬಡಿದಳು. "ಚರ್ಚಿನ ದಿಬ್ಬ ಹತ್ರೋ! ಏನೂ ತಗೋಬೇಡಿ!"

ಹದಿನೇಳು ಮನೆಯವರು ಹತ್ತಿದೆವು. ಅವಳ ಅಣ್ಣ ಇಲ್ಚೋ ಮಾತ್ರ ಅರ್ಧ ದಾರಿಯಲ್ಲಿ ತಿರುಗಿದ. "ಆಡು ಕಟ್ಟಿಹಾಕಿದ್ದೀನಲ್ಲೇ, ಬಿಚ್ಚಿ ಬಂದೆ."

ಆಡುಗಳು ದಿಬ್ಬ ಹತ್ತಿ ಬಂದವು. ಅಷ್ಟರಲ್ಲಿ ಏರಿ ಒಡೆದು ನೀರು ನುಗ್ಗಿತು; ಅವನು ಬರಲಿಲ್ಲ. ಮೂರನೇ ದಿನ ಹೊಳೆಯ ಸೇತುವೆಯ ಹತ್ತಿರ ಸಿಕ್ಕಿದ.

ರಾಜಧಾನಿ ಸೋಫಿಯಾದಿಂದ ಬಂದ ತನಿಖೆಯವರಿಗೆ ಕ್ರುಮ್ ಹೇಳಿದ್ದು ಒಂದೇ ಮಾತು: "ಅವಳು ಬಲೆ ಕತ್ತರಿಸಿದ್ಲು, ನೀರು ನುಗ್ಗಿ ಏರಿ ಒಡೀತು." ಅವಳನ್ನು ನಾಲ್ಕು ಸಲ ಕರೆಸಿದರು. ಪ್ರತಿ ಸಲವೂ, "ಕತ್ತರಿಸಿದ್ದು ಹೌದು," ಎಂದಳು. ದಿಬ್ಬ ಹತ್ತಿ ಬದುಕಿದವರಲ್ಲೇ ಕೆಲವರು, "ಸುಮ್ನಿದ್ದಿದ್ರೆ ಏರಿ ನಿಲ್ತಿತ್ತೋ ಏನೋ," ಎಂದು ಗೊಣಗತೊಡಗಿದರು.

ಇಲ್ಚೋನ ನಲವತ್ತನೇ ದಿನ ಸಮಾಧಿಯ ಬಳಿ ಅವಳು ಪದ್ಧತಿಯಂತೆ ಸತ್ತವನ ಹೆಸರಲ್ಲಿ ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿ ಹಂಚಿದಳು. ಬಂದವರು ಆರೇಳು ಜನ.

"ನಿನ್ನ ಪರ ಸಾಕ್ಷಿ ಹೇಳ್ತೀನಿ, ಅಕ್ಕ," ಎಂದೆ.

"ಹೇಳು," ಎಂದಳು. ನನ್ನ ಅಂಗೈಗೆ ಒಂದು ಚಮಚ ಗೋಧಿ ಹಾಕಿ ಮುಂದಿನವರತ್ತ ಹೋದಳು.

ಹೇಳಿ ಬಂದೆ. ಎರಡು ವರ್ಷವಾಯಿತು. ಕ್ರುಮನ ಮೇಲಿನ ಕೇಸೂ ಮುಗಿದಿಲ್ಲ, ಅವಳ ಮೇಲಿನದೂ ಮುಗಿದಿಲ್ಲ. ಅವಳ ಜೊತೆ ಮಾತಾಡುವವರು ಕಡಿಮೆ. ಅವಳೂ ಯಾರನ್ನೂ ಕರೆದು ಮಾತಾಡಿಸುವುದಿಲ್ಲ.