ಎರಡನೇ ಆಟಗಾರ್ತಿ

ನನ್ನ ಹೆಂಡತಿ ಬಿಂದುಶ್ರೀ ವಿಡಿಯೋ ಗೇಮ್ ಆಡುವುದನ್ನು ಮೊದಲ ಸಲ ನೋಡಿದವರಿಗೆ ತಲೆ ಕೆಟ್ಟುಹೋಗುತ್ತದೆ. ಮದುವೆಯಾದ ಹೊಸದರಲ್ಲಿ ನನಗೂ ಕೆಟ್ಟಿತ್ತು. ಒಬ್ಬಳೇ ಕೂತಿದ್ದರೂ ಇಬ್ಬರ ಆಟ ಹಾಕುತ್ತಾಳೆ. ಎರಡನೇ ಕಂಟ್ರೋಲರ್ ಕೈಗೆತ್ತಿಕೊಂಡು ಒಂದನೆಯದನ್ನು ಸೋಫಾದ ಮೇಲೆ ಬಿಡುತ್ತಾಳೆ. ತೆರೆಯ ಮೇಲೆ ನೀಲಿ ಅಂಗಿಯ ಕುಳ್ಳನೊಬ್ಬ ಸುಮ್ಮನೆ ನಿಂತಿರುತ್ತಾನೆ. ಹೆಗ್ಗಣವೊಂದು ಬಂದು ಅವನನ್ನು ಮುಗಿಸುತ್ತದೆ. ಅಷ್ಟು ಹೊತ್ತು ಇವಳು ಕಾಫಿ ಹೀರುತ್ತಾಳೆ. ಆಮೇಲೆ ಇವಳ ಹಸಿರು ಅಂಗಿಯ ಕುಳ್ಳ ಬರುತ್ತಾನೆ, ಆಟ ಶುರುವಾಗುತ್ತದೆ. ಇವನು ಸತ್ತರೆ ಮತ್ತೆ ನೀಲಿಯವನ ಸರದಿ, ಮತ್ತೆ ಹೆಗ್ಗಣ, ಮತ್ತೆ ಕಾಫಿ. ಒಬ್ಬೊಬ್ಬರಿಗೂ ಮೂರು ಜೀವ.

“ಅಮ್ಮಾ, ಜಸ್ಟ್ ಪ್ಲೇ ಸಿಂಗಲ್ ಪ್ಲೇಯರ್!” ಎಂದು ಮಗಳು ನವ್ಯಾ ಹಣೆ ಚಚ್ಚಿಕೊಳ್ಳುತ್ತಾಳೆ.

“ಒಂದನೇದು ಅಣ್ಣಂದು ಕಣೇ,” ಎನ್ನುತ್ತಾಳೆ ಇವಳು.

ಅಣ್ಣ ಎಂದರೆ ಹಾಸನದಲ್ಲಿರುವ ನನ್ನ ಭಾವ ಹರ್ಷ. ಚಿಕ್ಕಂದಿನಲ್ಲಿ ಇಬ್ಬರೂ ಆಡುತ್ತಿದ್ದದ್ದು ಇದೇ ಆಟ. ಒಬ್ಬರು ಸಾಯುವವರೆಗೆ ಇನ್ನೊಬ್ಬರು ಕಾಯಬೇಕು. ಭಾವ ಬಲು ಚುರುಕು, ಸಾಯುತ್ತಲೇ ಇರಲಿಲ್ಲ. ತಂಗಿ ಕಾದು ಕಾದು, ಸರದಿ ಬಂದ ಗಳಿಗೆಯಲ್ಲೇ ಹೆಗ್ಗಣದ ಬಾಯಿಗೆ ಬೀಳುತ್ತಿದ್ದಳು. ಅವರು ಆಡುವುದನ್ನು ನೋಡಿ ನೋಡಿಯೇ ಆಟ ಕಲಿತಳು. ಕೊನೆಗೆ ಬರುವ ಗಡಿಯಾರದ ಗೋಪುರದಲ್ಲಿ ಕಣ್ಣೆದುರೇ ಮಾಯವಾಗಿ, ಚೂರು ಹೊತ್ತಿಗೆ ಮತ್ತೆ ಮೂಡುವ ಮೆಟ್ಟಿಲೊಂದಿದೆ. ಅದನ್ನು ಭಾವನೂ ದಾಟಿರಲಿಲ್ಲ, ಇವಳೂ ದಾಟಿರಲಿಲ್ಲ.

ಇವಳ ಕೆಲಸ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಜೀವಕೋಶ ಬೆಳೆಸುವುದು. ಒಮ್ಮೊಮ್ಮೆ ಯಾವ ಕಾರಣವೂ ತಿಳಿಯದೆ ಕೋಶಗಳೆಲ್ಲ ಸತ್ತುಹೋಗುತ್ತವಂತೆ. ಅಂಥ ದಿನ ಕೊಲ್ಲಿ ದಾಟುವ ಸೇತುವೆಯ ಟ್ರಾಫಿಕ್ಕಿಗೂ ಶಾಪ ಹಾಕುತ್ತ ಆಚೆ ದಡದ ನೆವಾರ್ಕಿನ ಮನೆಗೆ ಬಂದವಳು ನೇರ ಟೀವಿ ಮುಂದೆ ಕೂರುತ್ತಾಳೆ.

“ಇಲ್ಲಿ ಸತ್ರೆ ತಪ್ಪು ನಂದೇ ರೀ. ಎಲ್ಲಿ ಲೇಟಾಯ್ತು ಅಂತ ಕಣ್ಣಿಗೇ ಕಾಣುತ್ತೆ. ಎಷ್ಟು ಸಮಾಧಾನ ಗೊತ್ತಾ!”

ಸಾಯುವುದರಲ್ಲೂ ಸಮಾಧಾನ ಕಾಣುವ ಹೆಂಗಸು! ಹೊಸ ಟೀವಿಯಲ್ಲಿ ಗುಂಡಿ ಒತ್ತಿದರೆ ಕುಳ್ಳ ಚೂರು ತಡವಾಗಿ ಹಾರುತ್ತಾನೆಂದು, ಮಾರ್ಗನ್ ಹಿಲ್‌ನಲ್ಲಿ ಯಾರೋ ರಸ್ತೆ ಬದಿ ಬಿಟ್ಟಿದ್ದ ಹಳೇ ಡಬ್ಬಾ ಟೀವಿಯನ್ನು ನನ್ನ ಕೈಲಿ ಹೊರಿಸಿದವಳು ಇವಳು. ನನ್ನ ಸೊಂಟ ಅದನ್ನಿನ್ನೂ ಮರೆತಿಲ್ಲ.

ಕಳೆದ ಬೇಸಿಗೆಯಲ್ಲಿ ಭಾವ ನಮ್ಮನೆಗೆ ಬಂದರು. ಅಣ್ಣ ಪಕ್ಕದಲ್ಲಿ ಕೂತು ನೋಡುತ್ತಿರುವಾಗ ಆ ಮೆಟ್ಟಿಲು ದಾಟಬೇಕು ಎನ್ನುವುದೊಂದೇ ಬಿಂದುವಿನ ಆಸೆ. ಅದಕ್ಕಾಗಿ ವಾರಗಟ್ಟಲೆ ಬೆರಳು ನೋಯಿಸಿಕೊಂಡಿದ್ದಳು.

ಶನಿವಾರ ಮಧ್ಯಾಹ್ನ ಊಟ ಮುಗಿಸಿ ಆಟ ಹಾಕಿದಳು. ಭಾವ ದೊಡ್ಡ ಗತ್ತಿನಿಂದ ಒಂದನೇ ಕಂಟ್ರೋಲರ್ ಎತ್ತಿಕೊಂಡು ಮೊದಲ ಹೆಗ್ಗಣಕ್ಕೇ ಬಲಿಯಾದರು. ಇವಳ ಸರದಿ ಬಂತು. ಇವಳು ಸಾಯಲೇ ಇಲ್ಲ. ಭಾವ ಕಾಲು ಅಲ್ಲಾಡಿಸಿದರು, ಆಕಳಿಸಿದರು, ಚಕ್ಕುಲಿ ಡಬ್ಬ ಖಾಲಿ ಮಾಡಿದರು.

“ಇನ್ನೂ ಸಾಯ್ಲಿಲ್ವೇನೇ?”

“ಕಾಯಿ ಅಣ್ಣಾ.”

“ನಿಂಗೆ ಟರ್ನ್ ಕೊಡ್ತಿದ್ನಲ್ಲೇ ನಾನು?”

“ಕೊಡ್ತಿದ್ದೆ, ಸತ್ತಾಗ.”

ನವ್ಯಾಳಿಗೆ ತಡೆಯಲಾಗಲಿಲ್ಲ. “ಮಾಮಾ, ಶಿ ಆಲ್ವೇಸ್ ಕೀಪ್ಸ್ ಪ್ಲೇಯರ್ ಒನ್ ಫಾರ್ ಯು. ಒಬ್ಳೇ ಇದ್ರೂ!”

ಭಾವ ತಂಗಿಯ ಮುಖ ನೋಡಿದರು. ಅವಳು ತೆರೆಯಿಂದ ಕಣ್ಣು ಕೀಳಲಿಲ್ಲ. ಅವರು ಮತ್ತೆ ಆಕಳಿಸಲಿಲ್ಲ.

ಗೋಪುರ ಬಂತು. ಮೆಟ್ಟಿಲು ಮಾಯವಾಯಿತು, ಹಸಿರು ಕುಳ್ಳ ಬಿದ್ದ. ಈಗ ಭಾವನ ಸರದಿ. ಅವರು ಕಂಟ್ರೋಲರನ್ನು ಮೆಲ್ಲಗೆ ಸೋಫಾದ ಮೇಲಿಟ್ಟುಬಿಟ್ಟರು.

“ಅಣ್ಣಾ, ಹೆಗ್ಗಣ! ಆಡೋ!”

“ಬರ್ಲಿ ಬಿಡು. ನೀನು ಹೋಗು.”

ಹೆಗ್ಗಣ ಬಂತು, ತನ್ನ ಕೆಲಸ ಮುಗಿಸಿತು. ಬಿಂದು ಮತ್ತೊಮ್ಮೆ ಗೋಪುರ ಹತ್ತಿದಳು, ಮತ್ತೊಮ್ಮೆ ಬಿದ್ದಳು. ಭಾವ ಕೈ ಕಟ್ಟಿಕೊಂಡೇ ತಮ್ಮ ಕೊನೆಯ ಜೀವವನ್ನೂ ಹೆಗ್ಗಣಕ್ಕೆ ಕೊಟ್ಟರು. ಈಗ ಇವಳಿಗೆ ಉಳಿದದ್ದು ಒಂದೇ ಜೀವ.

ಈ ಸಲ ಇವಳು ಮೆಟ್ಟಿಲು ಕಾಣುವವರೆಗೆ ಕಾಯಲಿಲ್ಲ. ಖಾಲಿ ಗಾಳಿಗೇ ಹಾರಿದಳು. ಅಷ್ಟರಲ್ಲಿ ಕಾಲ ಕೆಳಗೆ ಮೆಟ್ಟಿಲು ಮೂಡಿತು. ಅಲ್ಲಿಂದ ಮೇಲೇರಿ ಗೋಪುರದ ಗಂಟೆ ಬಾರಿಸಿದಳು.

ನಾವೆಲ್ಲ ಕೂಗಿದ ಕೂಗಿಗೆ ಪಕ್ಕದ ಮನೆಯ ನಾಯಿ ಬೊಗಳಲು ಶುರುಮಾಡಿತು. ಗೆದ್ದದ್ದಕ್ಕೆ ತೆರೆಯ ಮೇಲೆ ಬಂದದ್ದು ಎರಡು ಸಾಲು ಶಭಾಸ್‌ಗಿರಿ, ಅಷ್ಟೆ.

ಭಾವ ಒಂದನೇ ಕಂಟ್ರೋಲರನ್ನು ತಂಗಿಯ ಮಡಿಲಿಗೆ ಹಾಕಿ, ಎರಡನೆಯದನ್ನು ತಾವು ತೆಗೆದುಕೊಂಡರು.

“ಇನ್ನೊಂದು ಆಟ ಹಾಕು. ಈ ಸಲ ನೀನು ಫಸ್ಟು. ನಾನು ಕಾಯ್ತೀನಿ.”

ಬಿಂದು ಮೊದಲ ಬಾರಿಗೆ ನೀಲಿ ಕುಳ್ಳನನ್ನು ನಡೆಸಿದಳು. ಕಣ್ಣು ತುಂಬಿಕೊಂಡಿದ್ದವಳಿಗೆ ಹೆಗ್ಗಣ ಬಂದದ್ದು ಕಾಣಲೇ ಇಲ್ಲ.

“ಸತ್ಲು! ನನ್ ಟರ್ನು!” ಎಂದು ಐವತ್ತರ ಹೊಸ್ತಿಲಲ್ಲಿದ್ದ ಭಾವ ಸೋಫಾದ ಮೇಲೆ ಕುಣಿದರು.