ಕುದುರೆ ಇಲ್ಲದ ಟಾಂಗಾ

...ಅಥವಾ ಆ ತೂತುಗಳು ಬೀಡಿಯ ಕಿಡಿಯಿಂದ ಆದವೇ ಇರಬಹುದು. ಬ್ಯಾಟರಿಯ ಆಸಿಡ್ ಸಿಡಿದು ಆದವೆಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ಕಾಕಾ ಅವರ ಖಾಕಿ ಅಂಗಿ ಹೊಟ್ಟೆಯ ಹತ್ತಿರ ಜರಡಿಯಂತಿತ್ತು. ತೂತುಗಳ ಅಂಚು ಸೀದ ರೊಟ್ಟಿಯಂತೆ ಕಂದುಬಣ್ಣಕ್ಕೆ ತಿರುಗಿ, ಒಳಗಿನ ಬನಿಯನ್ ಕಾಣುತ್ತಿತ್ತು. ಆದರೆ ಅವರು ಟಾಂಗಾ ಹೊಡೆಯುತ್ತಿದ್ದಾಗಲೂ ಅಂಗಿ ಹಾಗೇ ಇತ್ತು ಎನ್ನುತ್ತಾಳೆ ನನ್ನ ತಂಗಿ. ಆಗಿನ್ನೂ ಬ್ಯಾಟರಿಯ ಮಾತೇ ಇರಲಿಲ್ಲ.

ಕಾಕಾ ನಮ್ಮ ಬಂಧುವಲ್ಲ, ರಾಯಚೂರಿನ ನಮ್ಮ ಓಣಿಯಲ್ಲಿ ಮಗ್ಗುಲ ಮನೆಯವರು. ನಾನು ದೇವದುರ್ಗದ ಶಾಲೆಯಲ್ಲಿ ಟೀಚರಾಗಿದ್ದೆ. ಶನಿವಾರದ ಬಸ್ಸಿಗೆ ಮನೆಗೆ ಬರುತ್ತಿದ್ದೆ. ಬಸ್‌ಸ್ಟ್ಯಾಂಡಿನ ಹೊರಗೆ ಅವರ ಟಾಂಗಾ ನಿಂತಿರುತ್ತಿತ್ತು. ನಾಲ್ಕು ಸೀಟು ತುಂಬುವ ತನಕ ಹೊರಡುತ್ತಿರಲಿಲ್ಲ. ಗುರುತಿಲ್ಲದ ನಾಲ್ವರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಕೋಟೆಗೋಡೆಯ ಹತ್ತಿರ ಏರು ಬಂದ ಕೂಡಲೇ ಯಾರೂ ಹೇಳದೆ ಇಳಿದು ನಡೆಯುತ್ತಿದ್ದರು. ಕುದುರೆಗೆ ಭಾರವಾಗಬಾರದು. ಏರು ಮುಗಿದ ಮೇಲೆ ಮತ್ತೆ ಹತ್ತುತ್ತಿದ್ದರು. ಅದು ಊರಿನ ರಿವಾಜು.

ಒಂದು ದಿನ ಮಾನ್ವಿ ಕಡೆಯಿಂದ ಮದುವೆಗೆ ಬಂದಿದ್ದ ನಾಲ್ವರು ಗಂಡಸರು ಇಳಿಯಲಿಲ್ಲ. ಹೊಸ ಬಟ್ಟೆ, ಅಕ್ಷತೆಯ ಅವಸರ. ಕಾಕಾ ಚಾವಟಿ ಎತ್ತಿದರು. ಕುದುರೆ ಏರಿನ ನಡುವೆ ಕುಸಿದು ಬಿತ್ತು, ಮರುದಿನ ಸತ್ತಿತು. ಇದನ್ನು ನಾನು ನೋಡಿಲ್ಲ. ಆದರೂ ಅದರ ಬಾಯಿಯ ನೊರೆ ನನ್ನ ಕಣ್ಣಿಗೆ ಕಟ್ಟಿದೆ. ಕೇಳಿದ್ದನ್ನು ಕಂಡದ್ದೆಂದು ಸಾಧಿಸುವ ಈ ಕಣ್ಣನ್ನು ನಂಬುವುದು ಹೇಗೆ? ಕಾಕಾ ನಮ್ಮ ಕಟ್ಟೆಯ ಮೇಲೆ ಕೂತು ಅವ್ವನಿಗೆ ಹೇಳಿದ ಮಾತನ್ನು ಮಾತ್ರ ನಂಬುತ್ತೇನೆ.

"ಅವರು ಕುಂತದ್ದು ತಪ್ಪಲ್ಲವ್ವಾ. ಮಂದಿ ಗಾಡ್ಯಾಗ ಕುಂದ್ರಾಕ ಬರ್ತಾರ, ನಡಿಯಾಕಲ್ಲ. ನಾ ಹೊಡದದ್ದು ತಪ್ಪು. ಇನ್ನ ಜೀವ ಇದ್ದದ್ದು ಯಾವುದನ್ನೂ ಗಾಡಿಗಿ ಕಟ್ಟಾಂಗಿಲ್ಲ."

ಬ್ಯಾಟರಿ ಚಾರ್ಜ್ ಮಾಡುವ ಅಂಗಡಿಯ ಒಬ್ಬ ಗೆಳೆಯನಿದ್ದ ಅವರಿಗೆ. ಇಬ್ಬರೂ ಸೇರಿ ಕುದುರೆ ಕಟ್ಟುವ ಮೂಕಿಯನ್ನು ಟಾಂಗಾದಿಂದ ಕಡಿದರು, ಮುಂದೆ ಒಂದು ಗಾಲಿ ಕೂರಿಸಿದರು, ಸೀಟಿನ ಕೆಳಗೆ ಲಾರಿಯ ಹಳೆಯ ಬ್ಯಾಟರಿಗಳನ್ನಿಟ್ಟರು. ಲಾರಿಯ ಡೈನಮೋಗಳನ್ನೇ ಮೋಟಾರಿನಂತೆ ತಿರುಗಿಸಿ ಚೈನಿನಿಂದ ಗಾಲಿಗೆ ಜೋಡಿಸಿದರು. ಕೆಲಸ ವರ್ಷಗಟ್ಟಲೆ ಎಳೆಯಿತು. ಕರೆಂಟು ಹೋದರೆ ಚಾರ್ಜಿಲ್ಲ. ಕರೆಂಟು ಆಗಾಗ ಹೋಗುತ್ತಿತ್ತು. "ಕೃಷ್ಣಾ ದಂಡಿಗಿ ಅಷ್ಟ ದೊಡ್ಡ ಕರೆಂಟಿನ ಕಾರಖಾನಿ ಕಟ್ಟಾಕತ್ತಾರ," ಎನ್ನುತ್ತಿದ್ದರು ಕಾಕಾ. "ಬೂದಿ ನಮಗ, ಕರೆಂಟು ಬೆಂಗಳೂರಿಗಿ. ನನ್ನ ಗಾಡಿಗಿ ಒಂದೀಟು ಬಿಟ್ಟು ಒಯ್ಯಲಿ."

ಗಾಡಿ ಬಸ್‌ಸ್ಟ್ಯಾಂಡಿಗೆ ಬಂದ ದಿನ ಟಾಂಗಾದವರು ಸುತ್ತ ನೆರೆದರು.

"ಲೇ, ಇದಕ್ಕ ಹುಲ್ಲು ಹಾಕ್ತೀಯೋ, ಹುರಳಿನೋ?"

"ಆಸಿಡ್ ಕುಡೀತದ. ನಿನಗೂ ಒಂದು ಗ್ಲಾಸ್ ಕೊಡ್ಲೇನು?"

ನಾನು ಮುಂದಿನ ಸೀಟಿನಲ್ಲಿ ಕೂತೆ. ಹಿಂದೆ ಬುಟ್ಟಿ ಹಿಡಿದ ಬಾಗಲವಾಡದ ಒಬ್ಬ ಮುದುಕಿ, ಅವಳ ಮಗಳು. ನನ್ನ ಮಗ್ಗುಲಿಗೆ ಕಲ್ಮಲದ ಒಬ್ಬ ಗೃಹಸ್ಥರು. ಸದ್ದಿಲ್ಲದೆ ಹೊರಟೆವು. ಎಷ್ಟು ಸದ್ದಿಲ್ಲದೆ ಎಂದರೆ, ಹಿಂದಿನ ಸೀಟಿನ ಮುದುಕಿ ಎಲೆ ಅಡಿಕೆ ಜಗಿಯುವುದು ಕೇಳುತ್ತಿತ್ತು. ಏರು ಬಂತು. ಗಾಡಿ ಕುಂಯ್ ಎಂದು ನಿಧಾನವಾಯಿತು. ಅಷ್ಟರಲ್ಲೇ ಹಿಂದಿನ ಇಬ್ಬರೂ ಇಳಿದಿದ್ದರು.

"ಇಳೀಬ್ಯಾಡ್ರೀ!" ಕಾಕಾ ಕೂಗಿದರು. "ಕುಂದರ್ರಿ, ಯವ್ವಾ, ಅದು ಏರ್ತದ!"

"ಇರ್ಲಿ ಬಿಡಪ್ಪಾ. ಪಾಪ, ನಮ್ಮ ಭಾರ ಯಾಕ ಅದಕ್ಕ? ನಾಕ ಹೆಜ್ಜಿ ನಡೀತೀವಿ."

"ಪಾಪ ಅನಬ್ಯಾಡವ್ವಾ ಇದಕ್ಕ! ಇದಕ್ಕ ಜೀವ ಇಲ್ಲ!"

"ಜೀವ ಇಲ್ದ ಹೆಂಗ ನಡೀತದೋ ಯಪ್ಪಾ?" ಎಂದು ಮುದುಕಿ ಗಾಡಿಯ ಹಿಂಬದಿಯನ್ನು ಕುದುರೆಯ ಬೆನ್ನು ಸವರಿದಂತೆ ಸವರಿದಳು. ಕಲ್ಮಲದವರೂ ಚಪ್ಪಲಿ ಮೆಟ್ಟಿ ಇಳಿದರು. "ನೀನರೆ ಕುಂದ್ರು ಯವ್ವಾ," ಎಂದರು ಕಾಕಾ ನನಗೆ. ಕೂತೆ. ನನ್ನೊಬ್ಬಳನ್ನು ಹೊತ್ತು ಗಾಡಿ ಏರು ಹತ್ತಿತು. ಕಾಕಾ ಹಿಂದೆ ತಿರುಗಿ ಖಾಲಿ ಸೀಟುಗಳನ್ನು ನೋಡಿದರೇ ಹೊರತು ನಗಲಿಲ್ಲ.

ಆಮೇಲೆ ದಿನವೂ ಇದೇ ಆಯಿತು. ಗದರಿಸಿದರು, ಕೈ ಮುಗಿದರು. ಕೆಲವರು ಕೂತಿರುತ್ತಿದ್ದರು, ಕುಂಯ್ ಎಂಬ ಸದ್ದು ಕೇಳಿದೊಡನೆ ಅವರಿಗೂ ತಡೆಯುತ್ತಿರಲಿಲ್ಲ. ಕುದುರೆ ಬಿದ್ದ ಜಾಗ ಎಲ್ಲರಿಗೂ ಗೊತ್ತಿತ್ತು. ಇನ್ನೂ ಕೆಲವರು ಕಾಕಾ ಅವರ ಮುಖ ನೋಡಿಯೇ ಇಳಿಯುತ್ತಿದ್ದರೆಂದು ಕಾಣುತ್ತದೆ: ಈ ಮನುಷ್ಯನಿಗೆ ಇನ್ನೊಮ್ಮೆ ಹಾಗಾಗಬಾರದು ಎಂದು. ಇಡೀ ಊರು ಅವರಿಗೆ ದಯೆ ತೋರಿಸುತ್ತಿತ್ತು, ಅವರು ಅದರಲ್ಲೇ ಸೊರಗುತ್ತಿದ್ದರು. ನಾಲ್ಕು ಹತ್ತಿಮೂಟೆ ಹೇರಿ ಏರಿಸಿ ನೋಡಿ ಎಂದು ನಾನೊಮ್ಮೆ ಹೇಳಿದೆ.

"ಮೂಟಿ ಏರಿಸಿದ್ರ ಏನ ಬಂತು, ಯವ್ವಾ? ನಾಕ ಮಂದಿ ಕುಂತಿರಬೇಕು. ಯಾರಿಗೂ ಪೆಟ್ಟು ಬೀಳದ ಏರಬೇಕು. ಅದನ್ನ ನಾ ನೋಡಬೇಕು."

ಕಾಮಾಲೆಯಾಗಿ ಅವರನ್ನು ಆಸ್ಪತ್ರೆಗೆ ಸೇರಿಸಿದಾಗ ಆ ಗಾಡಿ ಮನೆಯ ಮುಂದೆ ನಿಂತಿತ್ತು. ಮುಂದೆ ಯಾರು ಒಯ್ದರೋ. ಅಷ್ಟರಲ್ಲಿ ಆಟೋಗಳು ಬಂದಿದ್ದವು. ಆ ಏರಿನಲ್ಲಿ ಜನ ಇಳಿಯುವುದನ್ನೇ ಮರೆತರು. ಶನಿವಾರ ಬಸ್ಸಿಳಿದು ನೇರ ಆಸ್ಪತ್ರೆಗೆ ಹೋದೆ. ಅರಿಶಿನದ ಬಣ್ಣಕ್ಕೆ ತಿರುಗಿದ ಕಣ್ಣು ತೆರೆದು, "ನೀ ಕುಂತಿದ್ದೆಲ್ಲ. ನಿನಗ ಗೊತ್ತಿರತದ. ನಾಕೂ ಮಂದಿನ್ನ ಹೊತ್ತು ಏರತಿತ್ತಿಲ್ಲೋ?" ಎಂದು ಕೇಳಿದರು.

'ಏರುತ್ತಿತ್ತು ಕಾಕಾ' ಎಂದು ಉತ್ತರ ಕೊಟ್ಟೆನೆಂದು ಮನೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ನಿಜವಾಗಿ ಅಂದೆನೋ, ಅನ್ನಬೇಕೆಂದುಕೊಳ್ಳುವಷ್ಟರಲ್ಲಿ ಅವರು ಕಣ್ಣು ಮುಚ್ಚಿದ್ದರೋ ನೆನಪಿಲ್ಲ. ಅವರು ಹೋದ ಸುದ್ದಿ ದೇವದುರ್ಗಕ್ಕೆ ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು.

ಅಂದು ನಾನು ಕೂತ ಕಡೆಯಿಂದ ಗಾಡಿಯ ಸೆಳೆತ ನನಗೆ ತಿಳಿಯುತ್ತಿತ್ತು. ಅದು ಒಬ್ಬಳ ಭಾರಕ್ಕೆ ಸಿಕ್ಕ ಸೆಳೆತ. ನಾಲ್ವರನ್ನು ಹೊತ್ತು ಆ ಗಾಡಿ ಏರುತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.