ಏಳನೆಯ ಕುರ್ಚಿಯ ನಲವತ್ತು ಸೆಕೆಂಡು

ಹೈದರಾಬಾದಿನ ಧ್ವನಿಮುದ್ರಣ ಕ್ಷೇತ್ರದಲ್ಲಿ ಅಮರೇಶಪ್ಪನವರದು ದೊಡ್ಡ ಹೆಸರು; ಆದರೆ ಯಾವ ರೆಕಾರ್ಡಿನ ಹೊದಿಕೆಯ ಮೇಲೂ ಅದು ದೊಡ್ಡ ಅಕ್ಷರಗಳಲ್ಲಿ ಅಚ್ಚಾದದ್ದಿಲ್ಲ. ರಾಯಚೂರಿನಿಂದ ಬಂದು, ಸಿಕಂದರಾಬಾದಿನ ನಮ್ಮ ಸ್ಟುಡಿಯೋದಲ್ಲಿ ಮೂವತ್ತಾರು ವರ್ಷ ಪರರ ನಾದವನ್ನು ಕಾಯ್ದ ಈ ಹಿರಿಯರು ನಿವೃತ್ತರಾಗುವ ಹೊತ್ತಿನಲ್ಲಿ, ನಾಲ್ಕು ಜನರ ಮುಂದೆ ಬಾಯಿ ಬಿಡದ, ಅವರ ಸಹಾಯಕಿಯಾದ ನನಗೂ ಈ ಅಭಿನಂದನ ಸಂಚಿಕೆಯ ಸಂಪಾದಕರು ಒಂದು ಪುಟ ಕೊಟ್ಟಿದ್ದಾರೆ.

ಅವರ ಸೇವೆಯ ಮೊದಲ ವರ್ಷಗಳಿಗೂ ‘ಏಳನೆಯ ಕುರ್ಚಿ’ಗೂ ನಂಟು. ಸಂಯೋಜಕ ಸೂರ್ಯನಾರಾಯಣ ಅವರ ಈ ಪ್ರಯೋಗಶೀಲ ಜಾಝ್ ಕೃತಿಯಲ್ಲಿ ಗುನುಗಲು ರಾಗವಿಲ್ಲ, ಎಣಿಸಲು ತಾಳವಿಲ್ಲ. ಏಳು ವಾದಕರಲ್ಲಿ ಆರು ಮಂದಿ ನಡುವೆ ಫಕ್ಕನೆ ಸುಮ್ಮನಾಗುತ್ತಾರೆ. ಏಳನೆಯವರು ಸ್ಯಾಕ್ಸೋಫೋನಿನೊಳಗೆ, ಸ್ವರ ಹುಟ್ಟದಂತೆ, ನಲವತ್ತು ಸೆಕೆಂಡು ಬರೀ ಉಸಿರಾಡಬೇಕು. ೧೯೯೧ರಲ್ಲಿ ಹಾಗೆ ಉಸಿರಾಡಿದವರು ಪರಮೇಶ. ಏಳು ವರ್ಷಗಳ ಬಳಿಕ ಅವರು ತೀರಿಕೊಂಡರು. ೨೦೦೪ರಲ್ಲಿ ಕೃತಿಯನ್ನು ಮತ್ತೆ ಮುದ್ರಿಸಿದಾಗ ಗೆಳೆಯರು ಆ ಕುರ್ಚಿಯಲ್ಲಿ ಬೇರೆಯವರನ್ನು ಕೂರಿಸಲಿಲ್ಲ. ಅಮರೇಶಪ್ಪನವರು ಮಾತ್ರ ಖಾಲಿ ಕುರ್ಚಿಯ ಮುಂದೆಯೂ ಮೈಕು ಇಟ್ಟು, ಅದರ ಟ್ರ್ಯಾಕನ್ನು ಬೇರೆಯಾಗಿ ಕಾದಿರಿಸಿದರು. ಮುದ್ರಿಸಿದ್ದನ್ನು ಅಳಿಸಬಾರದು ಎಂಬುದು ಅವರ ನೇಮ.

ಪರಮೇಶರ ಪತ್ನಿ ಉಮಾಬಾಯಿಯವರು ಪ್ರತಿವರ್ಷ ಪತಿಯ ತಿಥಿಯ ಮರುದಿನ ಮಿಯಾಪುರದಿಂದ ಬಂದು, ಮೊದಲ ಮುದ್ರಣದ ಆ ನಲವತ್ತು ಸೆಕೆಂಡನ್ನಷ್ಟೇ ಕೇಳಿ, ಚಹಾ ಕುಡಿದು ಹೋಗುವರು.

ನಾನು ಅಮರೇಶಪ್ಪ ಸರ್ ಕೈಕೆಳಗೆ ಸೇರಿದ ವರ್ಷ, ೨೦೨೩ರಲ್ಲಿ, ಬೇರೆ ಪ್ರತಿಯೇ ಇಲ್ಲದ ೧೯೯೧ರ ಆ ಟೇಪನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಸಲ ಓಡಿದ್ದಕ್ಕೇ ಟೇಪಿನ ಲೇಪ ಹುಡಿಹುಡಿಯಾಗಿ ಉದುರಿಹೋಯಿತು. ಇಳಿಸಿದ್ದನ್ನಾದರೂ ಚೊಕ್ಕ ಮಾಡೋಣವೆಂದು ‘ಸುಯ್’ ಎನ್ನುವ ಸದ್ದನ್ನೆಲ್ಲ ತೆಗೆದು, ಅದೇ ಹೆಸರಿನಲ್ಲಿ ಉಳಿಸಿಬಿಟ್ಟೆ. ಆ ಸದ್ದಿನ ಜತೆ ಪರಮೇಶರ ಉಸಿರೂ ಹೋಗಿತ್ತು. ಉಮಾಬಾಯಿಯವರು ಬರಲು ಮೂರು ದಿನವಿತ್ತು. ಅಂದು ಡೈರಿಯಲ್ಲಿ ತಾರೀಕು ಬರೆದೆ. ಮುಂದಕ್ಕೆ ಪೆನ್ನು ಓಡಲಿಲ್ಲ.

“ಕಸ ಗುಡಸಾಕ ಹೋಗಿ ಮನಿಯವರನ್ನೂ ಗುಡಿಸಿದೆಲ್ಲವಾ, ತಂಗಿ” ಎಂದರು ಸರ್. ಬೈದದ್ದು ಅಷ್ಟೇ. ತಪ್ಪು ತಮ್ಮದೆಂದು ಮಾಲೀಕರಿಗೆ ಬರೆದುಕೊಟ್ಟಿದ್ದರೆಂಬುದು ನನಗೆ ತಿಳಿದದ್ದು ಈಚೆಗೆ. ಆದರೆ ಉಮಾಬಾಯಿಯವರಿಗೆ ಮಾತ್ರ ನಾನೇ ಹೇಳಬೇಕೆಂದರು.

ಹೇಳಿದೆ. ಅವರು ಅಳಲಿಲ್ಲ, ಪರ್ಸಿನ ಜಿಪ್ಪನ್ನು ಎಳೆಯುತ್ತ, ಮತ್ತೆ ಹಾಕುತ್ತ ಕೂತರು. ಪತಿ ಇಲ್ಲದ ಜಾಗವನ್ನಾದರೂ ಕೇಳಿಕೊಂಡು ಹೋಗಲೆಂದು ಸರ್, ತಾವೂ ಎಂದೂ ಕೇಳಿರದ, ೨೦೦೪ರ ಖಾಲಿ ಕುರ್ಚಿಯ ಟ್ರ್ಯಾಕನ್ನು ಹಚ್ಚಿದರು. ದೂರದಲ್ಲಿ ಆರು ವಾದ್ಯಗಳು ಕೇಳಿಸಿ, ನಿಂತವು. ಐದಾರು ಸೆಕೆಂಡು ಏನೂ ಇಲ್ಲ. ಆಮೇಲೆ ತೀರ ಹತ್ತಿರದಿಂದ, ಹಿತ್ತಾಳೆಯ ಕೊಳವೆಯೊಳಗಿಂದೆಂಬಂತೆ, ಉಸಿರು. ಒಳಗೆ. ಹೊರಗೆ.

“ಅವತ್ತ ಎ.ಸಿ. ಬಂದ್ ಇತ್ತರಿ. ನಾನೇ ಬಂದ್ ಮಾಡಿದ್ದೆ” ಎಂದರು ಸರ್, ಯಾರೂ ಕೇಳದಿದ್ದರೂ.

ಉಮಾಬಾಯಿಯವರು ಕಣ್ಣು ಮುಚ್ಚಿದ್ದರು. “ಹೊರಗ ಬಿಡೋ ಮುಂದ ಸ್ವಲ್ಪ ತಡೀತಾರ ನೋಡ್ರಿ. ಮಲಗಿದಾಗೂ ಹಂಗ ಇತ್ತು.” ನಲವತ್ತು ಸೆಕೆಂಡು ಮುಗಿದ ಮೇಲೆ ನನ್ನ ಕಡೆ ತಿರುಗಿ, “ಇದನ್ನ ತೊಳೀಬ್ಯಾಡವಾ” ಎಂದರು. ಚಹಾ ಕುಡಿದೇ ಹೋದರು.

ಸರ್ ಆ ಉಸಿರಿಗೆ ಕಾರಣ ಹುಡುಕಲಿಲ್ಲ. ೨೦೦೪ರ ಮುದ್ರಣದ ಡಬ್ಬಿಯ ಚೀಟಿಯಲ್ಲಿ ಏಳನೆಯ ವಾದಕರ ಮುಂದೆ ಖಾಲಿ ಉಳಿದಿದ್ದ ಸಾಲಿನಲ್ಲಿ ‘ಪರಮೇಶ’ ಎಂದು ಬರೆದು, ಪೆನ್ನು ಮುಚ್ಚಿದರು.

ಸರ್, ಬರುವ ಚಳಿಗಾಲದಲ್ಲಿ ಕೃತಿಯ ಮೂರನೆಯ ಮುದ್ರಣವಿದೆ. ನಿವೃತ್ತಿಯ ನೆಪ ಹೇಳದೆ ಬರಬೇಕು. ಏಳನೆಯ ಕುರ್ಚಿಯ ಮೈಕನ್ನು ನಾನು ತೆರೆದಿಟ್ಟಿರುತ್ತೇನೆ. ನೀವು ಮಾತ್ರ ಇನ್ನೂ ಬಹುಕಾಲ ಕಂಟ್ರೋಲ್ ರೂಮಿನ ಗಾಜಿನ ಈಚೆಯೇ, ನನ್ನ ಪಕ್ಕದಲ್ಲಿ, ಉಸಿರಾಡುತ್ತ ಕೂತಿರಿ.